ಸೋಲನ್ನು ಬರೆದ ಸೇನಾನಿ

ಮಹಾಭಾರತದ ಕರ್ಣಪರ್ವದಲ್ಲಿ ಒಂದು ವಿಚಿತ್ರವಾದ ಪ್ರಸಂಗವುಂಟು. ತನ್ನ ಗಾಂಡೀವವನ್ನು ಮತ್ತೊಬ್ಬರಿಗೆ ಕೊಟ್ಟುಬಿಡೆಂದು ಹೇಳಿದವನನ್ನು ಕೊಲ್ಲುವೆನೆಂದು ಅರ್ಜುನನು ವ್ರತ ತೊಟ್ಟಿದ್ದನು. ಕರ್ಣನ ಬಾಣಗಳಿಂದ ನೊಂದು ಶಿಬಿರ ಸೇರಿದ್ದ ಧರ್ಮರಾಜನು ಕೋಪದ ಭರದಲ್ಲಿ ಆ ಮಾತನ್ನೇ ಆಡಿಬಿಟ್ಟನು. ಅಣ್ಣನನ್ನು ಕೊಂದರೆ ಅಧರ್ಮ, ಬಿಟ್ಟರೆ ವ್ರತಭಂಗ. ಆಗ ಕೃಷ್ಣನು ಹೇಳಿದ ಉಪಾಯವಿದು: ಹಿರಿಯನನ್ನು ಮರ್ಯಾದೆಗೆಡಿಸಿ ಮಾತನಾಡುವುದೇ ಅವನ ವಧೆ, ಆದುದರಿಂದ ಖಡ್ಗವನ್ನು ಒರೆಯಲ್ಲಿಟ್ಟು ಬಾಯಿಂದ ನಿಂದಿಸು. ಹಾಗೆ ನಿಂದಿಸಿದ ಅರ್ಜುನನು ಪಶ್ಚಾತ್ತಾಪದಿಂದ ತನ್ನನ್ನೇ ಇರಿದುಕೊಳ್ಳಹೊರಟಾಗ ಕೃಷ್ಣನು ಎರಡನೆಯ ಉಪಾಯವನ್ನು ಹೇಳಿದನು: ತನ್ನ ಗುಣಗಳನ್ನು ತಾನೇ ಹೊಗಳಿಕೊಳ್ಳುವುದೇ ಆತ್ಮಹತ್ಯೆ, ಅದನ್ನು ಮಾಡು, ಸಾಕು.

ದಂಡನಾಯಕರ ಆತ್ಮಕಥನಗಳನ್ನು ಓದುವವರು ಈ ಎರಡು ಸೂತ್ರಗಳನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಪ್ರತಿಯೊಂದು ಮಹಾಯುದ್ಧವೂ ಮುಗಿದೊಡನೆ ಗ್ರಂಥಗಳ ಒಂದು ಸುಗ್ಗಿ ಬರುವುದು. ಗೆದ್ದ ಸೇನಾಪತಿಯು ಗೆಲುವು ತನ್ನ ಬುದ್ಧಿಯಿಂದ ಬಂದಿತೆನ್ನುವನು; ಸೋತವನು ಸೋಲು ಮೇಲಿನವರ ಮೌಢ್ಯದಿಂದ ಬಂದಿತೆನ್ನುವನು. ಮೊದಲನೆಯವನು ಆತ್ಮವಧೆಯನ್ನೂ ಎರಡನೆಯವನು ಗುರುವಧೆಯನ್ನೂ ಮಾಡಿದಂತಾಗುವುದು. ಈ ಎರಡು ಪಾತಕಗಳಿಂದಲೂ ತಪ್ಪಿಸಿಕೊಂಡ ಯುದ್ಧಕಥನಗಳು ಬಹಳ ವಿರಳ. ಅಂಥ ವಿರಳ ಗ್ರಂಥಗಳಲ್ಲಿ ಫೀಲ್ಡ್ ಮಾರ್ಷಲ್ ವಿಲಿಯಂ ಸ್ಲಿಮ್ಮನು 1956ರಲ್ಲಿ ಪ್ರಕಟಿಸಿದ ‘ಡಿಫೀಟ್ ಇಂಟು ವಿಕ್ಟರಿ’ ಒಂದು. ಹೆಸರನ್ನು ಕನ್ನಡದಲ್ಲಿ ‘ಸೋಲು ಗೆಲುವಾದ ಬಗೆ’ ಎನ್ನಬಹುದು. ಅದಕ್ಕೆ ಪೂರಕವಾಗಿ 1959ರಲ್ಲಿ ಬಂದ ‘ಅನ್‌ಅಫಿಶಿಯಲ್ ಹಿಸ್ಟರಿ’ ಎಂಬ ಸಣ್ಣ ಪ್ರಬಂಧಗಳ ಸಂಗ್ರಹವೂ ಉಂಟು. ಈ ಎರಡನ್ನೂ ಜೊತೆಗಿಟ್ಟು ಓದಿದರೆ, ಎರಡು ಮಹಾಯುದ್ಧಗಳ ನಡುವೆ ಹಾದುಹೋದ ಒಬ್ಬ ಸೈನಿಕನ ಜೀವನವೂ, ಆ ಜೀವನವು ಅವನ ಗದ್ಯವನ್ನು ಹೇಗೆ ರೂಪಿಸಿತೆಂಬುದೂ, ಆ ಗದ್ಯವು ಎಲ್ಲಿ ಎಡವಿತೆಂಬುದೂ ಸ್ಪಷ್ಟವಾಗುವುದು.

ಗ್ರಂಥವನ್ನು ತೂಗುವ ಮೊದಲು ಗ್ರಂಥಕರ್ತನ ಪರಿಚಯ ಅವಶ್ಯಕ. ಸ್ಲಿಮ್ಮನು 1891ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಹುಟ್ಟಿದನು. ತಂದೆ ಕಬ್ಬಿಣದ ಸಾಮಾನುಗಳ ವ್ಯಾಪಾರಿ. ಕುಟುಂಬವು ಬರ್ಮಿಂಗ್‌ಹ್ಯಾಮಿಗೆ ಬಂದ ಮೇಲೆ ವ್ಯಾಪಾರ ಕೈಗೂಡಲಿಲ್ಲ. ವಿಶ್ವವಿದ್ಯಾಲಯದ ಓದಿಗೆ ಹಣವಿಲ್ಲದ ಹುಡುಗನು ಬಡವರ ಕೇರಿಯ ಪ್ರಾಥಮಿಕ ಶಾಲೆಯಲ್ಲಿ ಕೆಲಕಾಲ ಉಪಾಧ್ಯಾಯನಾಗಿದ್ದನು. ಬಳಿಕ ಕಬ್ಬಿಣದ ಕೊಳವೆಗಳನ್ನು ಮಾಡುವ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾದನು. ಇಂಗ್ಲೆಂಡಿನ ಸೈನ್ಯದ ಅಧಿಕಾರಿವರ್ಗವು ಆ ಕಾಲದಲ್ಲಿ ಬಹುಮಟ್ಟಿಗೆ ಜಮೀನ್ದಾರರ ಮತ್ತು ಧನಿಕರ ಮಕ್ಕಳಿಗೆ ಮೀಸಲಾಗಿತ್ತು. ಗುಮಾಸ್ತನೊಬ್ಬನು ಆ ಬಾಗಿಲನ್ನು ದಾಟಬೇಕಾದರೆ ಜಗತ್ತಿಗೆ ಬೆಂಕಿ ಬೀಳಬೇಕಾಗಿತ್ತು. 1914ರ ಆಗಸ್ಟಿನಲ್ಲಿ ಬೆಂಕಿ ಬಿದ್ದಿತು. ಅದೇ ತಿಂಗಳು ಅವನು ರಾಯಲ್ ವಾರ್ವಿಕ್‌ಷೈರ್ ರೆಜಿಮೆಂಟಿನಲ್ಲಿ ತಾತ್ಕಾಲಿಕ ಸೆಕೆಂಡ್ ಲೆಫ್ಟಿನೆಂಟನಾದನು.

ಮುಂದಿನ ವರ್ಷ ಆಗಸ್ಟಿನಲ್ಲಿ ತುರ್ಕಿಯ ಗಲ್ಲಿಪೊಲಿಯ ಬೆಟ್ಟಗಳಲ್ಲಿ ಅವನಿಗೆ ಭಾರಿ ಗಾಯವಾಯಿತು. ಆ ಬೆಟ್ಟದ ಮೇಲೆ ಅವನ ಪಕ್ಕದಲ್ಲಿ ಕಾದಿದವರು 6ನೆಯ ಗೂರ್ಖಾ ರೈಫಲ್ಸಿನವರು. ಅಂದು ಕಂಡ ಶೌರ್ಯವನ್ನು ಅವನು ಮರೆಯಲಿಲ್ಲ. ಗಾಯ ಮಾಗಿದ ಮೇಲೆ ಮೆಸಪೊಟೇಮಿಯಕ್ಕೆ ಹೋದನು. 1917ರಲ್ಲಿ ಅಲ್ಲಿಯೂ ಗಾಯಗೊಂಡು ಭಾರತಕ್ಕೆ ಬಂದನು. 1918ರಲ್ಲಿ ಮಿಲಿಟರಿ ಕ್ರಾಸ್ ಪದಕ ದೊರೆಯಿತು. ಯುದ್ಧ ಮುಗಿದ ಮೇಲೆ ಅವನು ಭಾರತೀಯ ಸೈನ್ಯವನ್ನು ಆರಿಸಿಕೊಂಡು 1920ರಲ್ಲಿ ಅದೇ 6ನೆಯ ಗೂರ್ಖಾ ರೈಫಲ್ಸನ್ನು ಸೇರಿದನು. ಸ್ವಂತ ಆಸ್ತಿಯಿಲ್ಲದ ಅಧಿಕಾರಿಯು ಸಂಬಳದ ಮೇಲೆಯೇ ಮಾನವಾಗಿ ಬಾಳಲು ಭಾರತದ ಸೈನ್ಯದಲ್ಲಿ ಅನುಕೂಲವಿತ್ತು. ಆದರೂ ಸಂಸಾರದ ಖರ್ಚಿಗೆ ಸಂಬಳ ಸಾಲದೆ, ಆಂಟನಿ ಮಿಲ್ಸ್ ಎಂಬ ಗುಪ್ತನಾಮದಿಂದ ಪತ್ರಿಕೆಗಳಿಗೆ ಕಥೆ ಬರೆಯುತ್ತಿದ್ದನು. ಆ ಉಪನಾಮವು ಅವನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನೇ ಹಿಂದುಮುಂದಾಗಿ ಜೋಡಿಸಿದುದು. ಈ ಸಂಗತಿ ಕ್ಷುಲ್ಲಕವೆಂದು ತೋರಬಹುದು. ಆದರೆ ವಿಮರ್ಶೆಗೆ ಇದು ಬಹಳ ಮುಖ್ಯ. ಓದುವವನಿಗೆ ಬೇಸರವಾದರೆ ಹಣ ಬರದೆಂಬ ಶಾಲೆಯಲ್ಲಿ ಕಲಿತ ಬರವಣಿಗೆ ಅವನದು. ಸರಕಾರಿ ವರದಿಗಳ ಒಣ ಭಾಷೆಯಾಗಲಿ, ದೊರೆಗಳ ಮನೆಯ ಬಿಗುಮಾನವಾಗಲಿ ಅದಕ್ಕೆ ಅಂಟಿಲ್ಲ.

ಎರಡು ಯುದ್ಧಗಳ ನಡುವಣ 20 ವರ್ಷಗಳಲ್ಲಿ ಅವನು ಹೆಚ್ಚಾಗಿ ಕಲಿಯುತ್ತಲೂ ಕಲಿಸುತ್ತಲೂ ಇದ್ದನು. ಕ್ವೆಟ್ಟಾ ನಗರದ ಸ್ಟಾಫ್ ಕಾಲೇಜಿನಲ್ಲಿ ವಿದ್ಯಾರ್ಥಿ, ಇಂಗ್ಲೆಂಡಿನ ಕ್ಯಾಂಬರ್ಲಿಯ ಸ್ಟಾಫ್ ಕಾಲೇಜಿನಲ್ಲಿ ಅಧ್ಯಾಪಕ. 1939ರಲ್ಲಿ ನಮ್ಮ ಬೆಳಗಾವಿಯಲ್ಲಿದ್ದ ಹಿರಿಯ ಅಧಿಕಾರಿಗಳ ಶಾಲೆಗೆ ಮುಖ್ಯಸ್ಥ. ಎರಡನೆಯ ಮಹಾಯುದ್ಧವು ಹೊತ್ತಿಕೊಂಡಾಗ ಅವನು ಇದ್ದುದು ಕನ್ನಡನಾಡಿನ ಆ ದಂಡುಪ್ರದೇಶದಲ್ಲಿ. ಅಂದು ಅವನ ವಯಸ್ಸು 48. ಆ ವಯಸ್ಸಿಗೆ ಅನೇಕರು ನಿವೃತ್ತಿವೇತನದ ಲೆಕ್ಕ ಹಾಕುತ್ತಿದ್ದರು.

ಈ ಯುದ್ಧದಲ್ಲಿ ಅವನು ಮಾಡಿದ ಮೊದಲನೆಯ ಕಾರ್ಯವೇ ಕೈತಪ್ಪಿತು. 1940ರ ನವೆಂಬರಿನಲ್ಲಿ ಸೂಡಾನಿನ ಗಡಿಯ ಗಲ್ಲಾಬಾತ್ ಕೋಟೆಯನ್ನು 10ನೆಯ ಭಾರತೀಯ ಬ್ರಿಗೇಡಿನಿಂದ ಅವನು ಹಿಡಿದನು. ಆದರೆ ಆಚೆ ದಡದ ಮೆಟೆಮ್ಮಾವನ್ನು ಹಿಡಿಯುವ ಮೊದಲೇ ಟ್ಯಾಂಕುಗಳು ಕೆಟ್ಟುನಿಂತವು. ಇಟಲಿಯ ವಿಮಾನಗಳು ಬಾಂಬಿನ ಮಳೆಗರೆದವು. ಒಂದು ಪಟಾಲಮಿನ ಕೆಲವು ಸೈನಿಕರು ಕಂಗೆಟ್ಟು ಹಿಂದಕ್ಕೋಡಿದರು. ಹಿಡಿದ ಕೋಟೆಯನ್ನು ಬಿಟ್ಟು ಹಿಂದಕ್ಕೆ ಬರಬೇಕಾಯಿತು. ಈ ಪ್ರಸಂಗವನ್ನು ಅವನು ‘ಅನ್‌ಅಫಿಶಿಯಲ್ ಹಿಸ್ಟರಿ’ಯ ಒಂದು ಪ್ರಬಂಧದಲ್ಲಿ ವಿವರಿಸಿರುವನು. ಅದರ ಹೆಸರಿನ ಭಾವವು ‘ಅಂಜಿಕೆಗಳ ಆಲೋಚನೆ’ ಎಂದು. ಟ್ಯಾಂಕುಗಳನ್ನು ದೂರಬಹುದಾಗಿತ್ತು, ವಿಮಾನ ಕಳುಹಿಸದವರನ್ನು ದೂರಬಹುದಾಗಿತ್ತು, ಓಡಿದವರನ್ನು ಹೆಸರು ಹಿಡಿದು ಬಯ್ಯಬಹುದಾಗಿತ್ತು. ಅವನು ದೂರುವುದು ತನ್ನ ಅಂಜಿಕೆಯನ್ನು. ಎರಡು ದಾರಿಗಳು ಎದುರಿಗಿದ್ದಾಗ ಧೈರ್ಯದ ದಾರಿಯನ್ನು ಬಿಟ್ಟು ಎಚ್ಚರಿಕೆಯ ದಾರಿಯನ್ನು ಹಿಡಿದೆನೆಂದೂ, ಅದು ತಪ್ಪಾಯಿತೆಂದೂ ಒಪ್ಪಿಕೊಳ್ಳುವನು. ಪಶ್ಚಾತ್ತಾಪದ ನಾಟಕವಿಲ್ಲ, ಪಾಠವನ್ನು ಹೇಳಿ ಮುಂದಕ್ಕೆ ನಡೆಯುವನು. ಉಪಾಧ್ಯಾಯನು ಕರಿಹಲಗೆಯ ಮೇಲೆ ತನ್ನ ಲೆಕ್ಕದ ತಪ್ಪನ್ನು ತಾನೇ ತಿದ್ದಿ ತೋರಿಸುವಂತೆ ಈ ಪ್ರಬಂಧವಿದೆ. ಎರಡು ಗ್ರಂಥಗಳ ಮೂಲಸ್ವರವೂ ಇದೇ.

ಎರಿಟ್ರಿಯದಲ್ಲಿ ಮತ್ತೆ ಗಾಯ. ಬಳಿಕ ಇರಾಕ್, ಸಿರಿಯ, ಇರಾನ್ ದೇಶಗಳಲ್ಲಿ 10ನೆಯ ಭಾರತೀಯ ಡಿವಿಜನ್ನಿನ ನಾಯಕತ್ವ. ದೊಡ್ಡ ಗ್ರಂಥವು ಆರಂಭವಾಗುವುದು ಇಲ್ಲಿಂದ. ಇರಾಕಿನ ಮರಳುಗಾಡಿನಲ್ಲಿ ಸುಖವಾಗಿದ್ದವನನ್ನು 1942ರ ಮಾರ್ಚಿನಲ್ಲಿ ಬರ್ಮಾ ದೇಶಕ್ಕೆ ಕರೆಸಿಕೊಳ್ಳುವರು. ರಂಗೂನು ಆ ತಿಂಗಳ 8ರಂದು ಜಪಾನೀಯರ ವಶವಾಗಿತ್ತು. ಸಮುದ್ರದ ದಾರಿ ಮುಚ್ಚಿತ್ತು. ಸಿತ್ತಾಂಗ್ ನದಿಯ ಸೇತುವೆಯನ್ನು ಕಾಲಕ್ಕೆ ಮುಂಚೆ ಒಡೆದುದರಿಂದ 17ನೆಯ ಭಾರತೀಯ ಡಿವಿಜನ್ನಿನ ಹೆಚ್ಚು ಭಾಗ ಆಚೆ ದಡದಲ್ಲಿಯೇ ಉಳಿದು ನಷ್ಟವಾಗಿತ್ತು. ಇಂಥ ಸೈನ್ಯವನ್ನು ಕಟ್ಟಿಕೊಂಡು ಸ್ಲಿಮ್ಮನು ಸುಮಾರು 900 ಮೈಲಿ ಹಿಂದೆ ಸರಿದನು. ಏಪ್ರಿಲಿನಲ್ಲಿ ಯೆನಾಂಜಾಂಗಿನ ಎಣ್ಣೆಬಾವಿಗಳಿಗೆ ತಾವೇ ಬೆಂಕಿಯಿಟ್ಟು, ಮೇ ತಿಂಗಳಲ್ಲಿ ಚಿಂದ್ವಿನ್ ನದಿಯನ್ನು ದಾಟಿ, ಮುಂಗಾರು ಮಳೆಯಲ್ಲಿ ನೆನೆಯುತ್ತ ಇಂಫಾಲವನ್ನು ಸೇರಿದರು. ಬ್ರಿಟಿಷ್ ಸೈನ್ಯದ ಚರಿತ್ರೆಯಲ್ಲಿ ಇದಕ್ಕಿಂತ ಉದ್ದದ ಹಿಮ್ಮೆಟ್ಟುವಿಕೆ ಇಲ್ಲ.

ಗ್ರಂಥದ ಆರು ಭಾಗಗಳಲ್ಲಿ ಮೊದಲನೆಯದು ಈ ಸೋಲಿಗೆ ಮೀಸಲು. ವೀರರಸಕ್ಕೆ ಉತ್ಸಾಹವು ಸ್ಥಾಯಿಭಾವವೆಂದು ನಮ್ಮ ಆಲಂಕಾರಿಕರು ಹೇಳಿರುವರು. ಸೋತು ಹಿಂದಕ್ಕೆ ನಡೆಯುವ ಸೈನ್ಯದಲ್ಲಿ ಉತ್ಸಾಹವೆಲ್ಲಿ? ಇಲ್ಲಿಯೇ ಗ್ರಂಥಕರ್ತನ ಶಕ್ತಿ ಕಾಣುವುದು. ಅವನು ಸೋಲನ್ನು ಶೋಕವಾಗಿ ಕರಗಿಸುವುದಿಲ್ಲ, ‘ವ್ಯೂಹಾತ್ಮಕ ನಿವರ್ತನ’ವೆಂಬಂಥ ಹೆಸರಿನಿಂದ ಮರೆಮಾಚುವುದೂ ಇಲ್ಲ. ಬಾಯಾರಿಕೆ, ರೋಗ, ತಪ್ಪಿದ ಸಂದೇಶಗಳು, ದಾರಿಯುದ್ದಕ್ಕೂ ಸಾಯುತ್ತಿದ್ದ ನಿರಾಶ್ರಿತರು, ಎಲ್ಲವೂ ಹದವಾದ ಸ್ವರದಲ್ಲಿ ಬರುವುವು. ಇಂಫಾಲವನ್ನು ಸೇರಿದ ಕೊನೆಯ ತುಕಡಿಗಳು ಹರಕು ಬಟ್ಟೆ ತೊಟ್ಟು ಎಲುಬುಗೂಡುಗಳಾಗಿದ್ದರೂ ಕೈಯ ಕೋವಿಯನ್ನು ಬಿಟ್ಟಿರಲಿಲ್ಲವೆಂಬ ವರ್ಣನೆಯನ್ನು ಓದಿದಾಗ, ಉತ್ಸಾಹವೆಂದರೆ ಆರ್ಭಟವಲ್ಲ, ಬಿಡದಿರುವಿಕೆ ಎಂಬ ಅರ್ಥವು ಹೊಳೆಯುವುದು. ಆ ಭಾಗದ ಕೊನೆಯಲ್ಲಿ ಸೋಲಿನ ಕಾರಣಗಳನ್ನು ಪಟ್ಟಿ ಮಾಡಿ, ಅವುಗಳಲ್ಲಿ ತನ್ನ ಸೇನಾನಾಯಕತ್ವದ ಕೊರತೆಯನ್ನೂ ಸೇರಿಸಿರುವನು. ಆ ಪಟ್ಟಿಯು ಹಲ್ಲುಕಚ್ಚಿದ ವಿನಯವಲ್ಲ. ವೈದ್ಯನು ರೋಗನಿದಾನ ಮಾಡಿದಂತೆ ಶಾಂತವಾಗಿದೆ.

ಎರಡನೆಯ ಭಾಗವು ಈ ಗ್ರಂಥದ ಹೃದಯ. 1943ರ ಅಕ್ಟೋಬರಿನಲ್ಲಿ ಸ್ಲಿಮ್ಮನು ಹೊಸದಾಗಿ ರೂಪುಗೊಂಡ 14ನೆಯ ಸೈನ್ಯದ ಅಧಿಪತಿಯಾದನು. ಯುದ್ಧದ ಕಥೆಯಲ್ಲಿ ಕದನಗಳೇ ರಸವತ್ತಾದ ಭಾಗವೆಂದು ತಿಳಿದ ವಾಚಕರಿಗೆ ಇಲ್ಲಿ ಆಶ್ಚರ್ಯ ಕಾದಿರುವುದು. ಸರಬರಾಜು, ಆರೋಗ್ಯ, ಮನೋಬಲ ಎಂಬ ಮೂರು ಸಮಸ್ಯೆಗಳ ವಿಚಾರವು ಯಾವ ಕದನದ ವರ್ಣನೆಗೂ ಕಡಮೆಯಿಲ್ಲದಂತೆ ಮನಸ್ಸನ್ನು ಹಿಡಿಯುವುದು. ಕೌಟಿಲ್ಯನು ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿ ಸೈನ್ಯದ ವ್ಯಸನಗಳನ್ನೆಣಿಸುವಾಗ ಮನ್ನಣೆಯಿಲ್ಲದ ಸೈನ್ಯ, ಸಂಬಳವಿಲ್ಲದ ಸೈನ್ಯ, ರೋಗಪೀಡಿತ ಸೈನ್ಯ, ದೂರದಿಂದ ಬಂದು ಬಳಲಿದ ಸೈನ್ಯ ಎಂದು ಹೇಳಿರುವನು. ಆ ಪ್ರಾಚೀನ ಪಟ್ಟಿಗೆ ಈ ಅಧ್ಯಾಯಗಳು ನಮ್ಮ ಕಾಲದ ಭಾಷ್ಯದಂತಿವೆ.

ಅಂಕಿಗಳನ್ನು ನೋಡಿ. 1943ರಲ್ಲಿ ಗಾಯಗೊಂಡು ಹಿಂದಕ್ಕೆ ಸಾಗಿಸಲ್ಪಟ್ಟ ಒಬ್ಬ ಸೈನಿಕನಿಗೆ, ರೋಗದಿಂದ ಸಾಗಿಸಲ್ಪಟ್ಟವರು 120 ಮಂದಿ. ಮಲೇರಿಯ ಜ್ವರವೊಂದೇ ವರ್ಷಕ್ಕೆ ಸೈನ್ಯದ ನೂರಕ್ಕೆ 84ರಷ್ಟು ಪ್ರಮಾಣದಲ್ಲಿ ಬಡಿಯುತ್ತಿತ್ತು. ಈ ಲೆಕ್ಕದಲ್ಲಿ ಹೋದರೆ ಶತ್ರುವು ಒಂದು ಗುಂಡನ್ನೂ ಹಾರಿಸದೆ ಗೆಲ್ಲುತ್ತಿದ್ದನು. ರೋಗಿಯನ್ನು ನೂರಾರು ಮೈಲಿ ಹಿಂದಕ್ಕೆ ಕಳುಹಿಸುವ ಬದಲು ರಣರಂಗದ ಹಿಂದೆಯೇ ಚಿಕಿತ್ಸಾಲಯಗಳನ್ನು ತೆರೆದರು. ಹೊಸ ಔಷಧಗಳನ್ನು ತರಿಸಿದರು. ಪ್ರತಿದಿನವೂ ಮೆಪಕ್ರಿನ್ ಗುಳಿಗೆಯನ್ನು ನುಂಗಲೇಬೇಕೆಂದು ಕಟ್ಟುಮಾಡಿದರು. ಗುಳಿಗೆಯಿಂದ ಪೌರುಷ ಕೆಡುವುದೆಂಬ ಗಾಳಿಮಾತು ಸೈನಿಕರಲ್ಲಿ ಹಬ್ಬಿತ್ತು. ಆಗ ಸ್ಲಿಮ್ಮನು ಇಡೀ ತುಕಡಿಯ ರಕ್ತವನ್ನು ಹಠಾತ್ತಾಗಿ ಪರೀಕ್ಷೆ ಮಾಡಿಸಿ, ನೂರಕ್ಕೆ 95ಕ್ಕಿಂತ ಕಡಮೆ ಜನರು ಗುಳಿಗೆ ನುಂಗಿದ್ದರೆ ಅದರ ಅಧಿಕಾರಿಯನ್ನೇ ಕೆಲಸದಿಂದ ತೆಗೆದನು. ತೆಗೆಯಬೇಕಾದುದು ಮೂವರನ್ನು ಮಾತ್ರ. ಅಷ್ಟರಲ್ಲಿ ಉಳಿದವರಿಗೆ ಅರ್ಥವಾಯಿತು. 1945ರ ವೇಳೆಗೆ ರೋಗಿಗಳ ಪ್ರಮಾಣ ದಿನಕ್ಕೆ ಸಾವಿರಕ್ಕೆ ಒಬ್ಬನಿಗೆ ಇಳಿಯಿತು. ವೈದ್ಯರಿಂದ ಅರ್ಧ ಆರೋಗ್ಯ, ಅಧಿಕಾರಿಗಳ ಶಿಸ್ತಿನಿಂದ ಉಳಿದರ್ಧ ಎಂಬುದು ಈ ಕಥೆಯ ಸಾರ.

ಸರಬರಾಜಿನ ಕಥೆಯೂ ಇಷ್ಟೇ ಸ್ವಾರಸ್ಯವಾದುದು. ಯೂರೋಪಿನ ರಣರಂಗಕ್ಕೆ ಎಲ್ಲವೂ ಮೊದಲು, ಬರ್ಮಾ ಕಟ್ಟಕಡೆಗೆ. ಕಾಡಿನಲ್ಲಿ ಮುತ್ತಿಗೆಗೊಳಗಾದ ಪಡೆಗಳಿಗೆ ವಿಮಾನದಿಂದ ಅಕ್ಕಿ, ಮದ್ದುಗುಂಡುಗಳನ್ನು ಇಳಿಬಿಡಲು ಗಾಳಿಕೊಡೆಗಳಿಲ್ಲ. ಅದಕ್ಕೆ ತಕ್ಕ ಬಟ್ಟೆಯೂ ಇಲ್ಲ. ಬಂಗಾಳದಲ್ಲಿ ಹೇರಳವಾಗಿದ್ದುದು ಸೆಣಬು. ಕಲ್ಕತ್ತೆಯ ಸೆಣಬಿನ ಗಿರಣಿಗಳವರ ನೆರವಿನಿಂದ ಗೋಣಿಯ ಗಾಳಿಕೊಡೆಯೇ ತಯಾರಾಯಿತು. ಒಂದಕ್ಕೆ ತಗುಲಿದ ವೆಚ್ಚ ಒಂದು ಪೌಂಡಿಗಿಂತ ತುಸು ಹೆಚ್ಚು. ವಾಡಿಕೆಯ ಗಾಳಿಕೊಡೆಗಾದರೋ ಸುಮಾರು 20 ಪೌಂಡು. ದಾರಿಗೆ ಹಾಸಲು ಕಲ್ಲಿಲ್ಲದ ಕಡೆ ಡಾಂಬರಿನಲ್ಲದ್ದಿದ ಗೋಣಿತಟ್ಟನ್ನು ಮಣ್ಣಿನ ಮೇಲೆ ಹಾಸಿ ಲಾರಿಗಳನ್ನು ಓಡಿಸಿದರು. ಕಲೇವಾದಲ್ಲಿ ಕಾಡಿನ ಮರ ಕಡಿದು ನೂರಾರು ದೋಣಿಗಳನ್ನು ಕಟ್ಟಿದರು. ಈ ಎಲ್ಲ ಕೆಲಸದ ಹೊಗಳಿಕೆಯನ್ನು ಗ್ರಂಥಕರ್ತನು ತನ್ನ ಸರಬರಾಜಿನ ಅಧಿಕಾರಿ ಸ್ನೆಲ್ಲಿಂಗನಿಗೂ ಇಂಜಿನಿಯರುಗಳಿಗೂ ಹಂಚಿಕೊಡುವನು. ಮುಂಚೂಣಿಯ ಪಡೆಗೆ ಅರ್ಧ ಪಡಿಯಾದ ದಿನ ತನ್ನ ಕಚೇರಿಯವರಿಗೂ ಅರ್ಧ ಪಡಿಯೇ ಎಂದು ನಿಯಮ ಮಾಡಿದ್ದನು. ಸೈನಿಕರು ಅವನನ್ನು ‘ಬಿಲ್ ಮಾಮ’ನೆಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದುದೇಕೆಂದು ಈ ಒಂದು ನಿಯಮದಿಂದಲೇ ತಿಳಿಯುವುದು.

ಮನೋಬಲದ ವಿಚಾರದಲ್ಲಿ ಅವನದು ಮೂರು ಮೆಟ್ಟಿಲಿನ ಸಿದ್ಧಾಂತ. ಮೊದಲನೆಯದು ಆತ್ಮಕ್ಕೆ ಸಂಬಂಧಿಸಿದುದು: ತಾನು ಕಾದುವ ಕಾರ್ಯವು ದೊಡ್ಡದೆಂಬ ನಂಬಿಕೆ. ಎರಡನೆಯದು ಬುದ್ಧಿಗೆ ಸಂಬಂಧಿಸಿದುದು: ಆ ಕಾರ್ಯವು ಸಾಧ್ಯವೆಂಬ ತಿಳಿವಳಿಕೆ. ಮೂರನೆಯದು ದೇಹಕ್ಕೆ ಸಂಬಂಧಿಸಿದುದು: ಆಯುಧ, ಅನ್ನ, ನ್ಯಾಯವಾದ ನಡವಳಿಕೆ. ಈ ಕ್ರಮವನ್ನು ಅವನು ಬೇಕೆಂದೇ ಇಟ್ಟಿರುವನು. ಕೊನೆಯ ಪರೀಕ್ಷೆಯಲ್ಲಿ ತಡೆಯುವುದು ಮೊದಲನೆಯದೊಂದೇ ಎಂಬುದು ಅವನ ಮತ. ಜೀಪಿನ ಮೇಲೆ ನಿಂತು ಇಂಗ್ಲಿಷಿನಲ್ಲಿಯೂ ಉರ್ದುವಿನಲ್ಲಿಯೂ ಗೂರ್ಖಾಲಿಯಲ್ಲಿಯೂ ದಿನಕ್ಕೆ ಮೂರು ನಾಲ್ಕು ತುಕಡಿಗಳಿಗೆ ಅವನು ಇದನ್ನು ವಿವರಿಸುತ್ತ ಅಲೆದನು.

ಇಲ್ಲಿ ಭಾರತೀಯ ವಾಚಕನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. 14ನೆಯ ಸೈನ್ಯದ ಬಹುಪಾಲು ಜನರು ಭಾರತೀಯರು; ಗೂರ್ಖರು, ಬ್ರಿಟಿಷರು, ಪೂರ್ವ ಮತ್ತು ಪಶ್ಚಿಮ ಆಫ್ರಿಕದವರು ಉಳಿದವರು. ಭಾರತೀಯ ಸಿಪಾಯಿಯ ಪಾಲಿಗೆ ಆ ‘ದೊಡ್ಡ ಕಾರ್ಯ’ ಯಾವುದು? 1942ರ ಆಗಸ್ಟಿನಲ್ಲಿ ದೇಶದ ನಾಯಕರೆಲ್ಲರೂ ಸೆರೆಮನೆ ಸೇರಿದ್ದರು. ಸ್ವಾತಂತ್ರ್ಯಕ್ಕಾಗಿ ಯುದ್ಧವೆಂದು ಯಾವ ಸರಕಾರ ಸಾರುತ್ತಿತ್ತೋ ಅದೇ ಸರಕಾರವು ಭಾರತಕ್ಕೆ ಅದನ್ನು ಕೊಟ್ಟಿರಲಿಲ್ಲ. ಈ ವಿರೋಧವನ್ನು ಗ್ರಂಥಕರ್ತನು ಮೇಲಿಂದ ಮೇಲೆ ಮುಟ್ಟಿ ಬಿಡುವನು. ಆ ವರ್ಷದ ಗಲಭೆಗಳು ಅವನ ಕಣ್ಣಿಗೆ ರೈಲುದಾರಿಯ ಅಡ್ಡಿಗಳಾಗಿಯೇ ಮುಖ್ಯ. ಸಿಪಾಯಿಯ ನಿಷ್ಠೆಯನ್ನು ಮನಸಾರೆ ಕೊಂಡಾಡುವನು. ಅವನ ಭಾರತೀಯ ಡಿವಿಜನ್ನುಗಳ ಪ್ರಶಂಸೆಗಿಂತ ಉದಾರವಾದ ಪ್ರಶಂಸೆಯನ್ನು ಬೇರೆ ಇಂಗ್ಲಿಷ್ ಸೇನಾನಿಯಲ್ಲಿ ಕಾಣುವುದು ಕಷ್ಟ. ಆದರೆ ಆ ನಿಷ್ಠೆಯು ರೆಜಿಮೆಂಟಿಗೋ, ಊರಿನ ಮಾನಕ್ಕೋ, ಮುಂದೆ ಬರಲಿದ್ದ ಸ್ವತಂತ್ರ ಭಾರತಕ್ಕೋ ಎಂದು ಕೇಳುವುದಿಲ್ಲ. ಮೂರು ಮೆಟ್ಟಿಲುಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಮುಖ್ಯವೆಂದವನು ಆ ಮೆಟ್ಟಿಲಿನ ಮೇಲೆ ಅತ್ಯಂತ ಕಡಮೆ ಹೊತ್ತು ನಿಂತಿರುವನು.

ಕದನಗಳ ಭಾಗಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1944ರ ಫೆಬ್ರವರಿಯಲ್ಲಿ ಅರಾಕಾನಿನಲ್ಲಿ ಸುತ್ತುವರಿಯಲ್ಪಟ್ಟ ಪಡೆಯು ಹಿಂದಿನಂತೆ ಹಿಮ್ಮೆಟ್ಟದೆ, ವಿಮಾನದಿಂದ ಬಂದ ಆಹಾರವನ್ನುಂಡು ಅಲ್ಲಿಯೇ ನಿಂತು ಕಾದಿತು. ಮಾರ್ಚಿನಲ್ಲಿ ಜಪಾನೀಯರು ಚಿಂದ್ವಿನನ್ನು ದಾಟಿ ಇಂಫಾಲ ಮತ್ತು ಕೊಹಿಮಾ ಕಡೆಗೆ ನುಗ್ಗಿದರು. ಇಲ್ಲಿ ತಾನು ಎರಡು ತಪ್ಪುಗಳನ್ನು ಮಾಡಿದುದಾಗಿ ಸ್ಲಿಮ್ಮನು ಬರೆದಿರುವನು: 17ನೆಯ ಡಿವಿಜನ್ನನ್ನು ಹಿಂದಕ್ಕೆ ಕರೆಸಿಕೊಳ್ಳಲು ತಡಮಾಡಿದುದು ಒಂದು, ಕೊಹಿಮಾಕ್ಕೆ ಶತ್ರುವಿನ ಒಂದು ರೆಜಿಮೆಂಟು ಮಾತ್ರ ಬರಬಹುದೆಂದು ಲೆಕ್ಕ ಹಾಕಿದುದು ಇನ್ನೊಂದು. ಬಂದುದು ಇಡೀ 31ನೆಯ ಡಿವಿಜನ್ನು. ಏಪ್ರಿಲ್ ತಿಂಗಳಲ್ಲಿ ಸುಮಾರು ಎರಡು ವಾರ ಕೊಹಿಮಾದ ಸಣ್ಣ ದಂಡು ಆ ಪ್ರವಾಹವನ್ನು ತಡೆದು ನಿಂತಿತು. ತನ್ನ ತಪ್ಪಿನಿಂದ ಬರಬಹುದಾಗಿದ್ದ ಅನರ್ಥವನ್ನು ಸಾಮಾನ್ಯ ಸೈನಿಕರ ಸ್ಥೈರ್ಯವು ತಪ್ಪಿಸಿತೆಂದು ಅವನು ಹೇಳುವನು. ಜೂನ್ 22ರಂದು ಇಂಫಾಲದ ದಾರಿ ತೆರೆಯಿತು. ಜಪಾನೀಯರ ಕಡೆ ಸುಮಾರು 30,000 ಮಂದಿ ಮಡಿದರು. ಅನೇಕರು ಹಸಿವಿನಿಂದಲೂ ರೋಗದಿಂದಲೂ.

ಮರುವರ್ಷದ ಐರಾವತಿ ನದಿಯ ಕದನವು ಅವನ ಬುದ್ಧಿಯ ಶಿಖರ. ಶತ್ರುವು ನದಿಯ ಈಚೆ ಕಾದುವನೆಂದು ಹೂಡಿದ್ದ ಮೊದಲ ಉಪಾಯವು ಕೆಟ್ಟಿತು; ಜಪಾನೀ ಸೇನಾಪತಿ ಕಿಮುರನು ನದಿಯ ಆಚೆಗೆ ಸರಿದಿದ್ದನು. ಸ್ಲಿಮ್ಮನು ಕೂಡಲೇ ಉಪಾಯವನ್ನು ಬದಲಾಯಿಸಿ, ಒಂದು ಕೋರನ್ನು ಮಂಡಾಲೆಯ ಕಡೆಗೆ ಬಹಿರಂಗವಾಗಿ ನಡೆಸಿದನು. ಇನ್ನೊಂದನ್ನು ಪಶ್ಚಿಮದ ಕಾಡುದಾರಿಯಲ್ಲಿ ಗುಟ್ಟಾಗಿ ಸಾಗಿಸಿದನು. ಆ ಎರಡನೆಯ ಕೋರು ಉತ್ತರದಲ್ಲಿಯೇ ಇರುವುದೆಂದು ತೋರಿಸಲು ಸುಳ್ಳು ನಿಸ್ತಂತು ಸಂದೇಶಗಳನ್ನು ಹರಿಬಿಟ್ಟನು. 1945ರ ಮಾರ್ಚಿನ ಮೊದಲ ವಾರದಲ್ಲಿ ಮೈಕ್ತಿಲಾ ವಶವಾಯಿತು. ಅದನ್ನು ಹಿಡಿದುದು 1942ರಲ್ಲಿ ಸಿತ್ತಾಂಗಿನಲ್ಲಿ ನಲುಗಿದ್ದ ಅದೇ 17ನೆಯ ಡಿವಿಜನ್ನು. ಮಾರ್ಚ್ 20ರಂದು ಮಂಡಾಲೆ, ಮೇ 3ರಂದು ರಂಗೂನು. ಗ್ರಂಥದ ಹೆಸರು ಸಾರ್ಥಕವಾಗುವುದು ಇಲ್ಲಿ. ಈ ಗೆಲುವಿನ ವರ್ಣನೆಯಲ್ಲಿಯೂ ಮೊದಲನೆಯ ಉಪಾಯವು ಕೆಟ್ಟುದನ್ನು ಅವನು ಮುಚ್ಚುವುದಿಲ್ಲ. ಗೆದ್ದವರಲ್ಲಿ ಹೆಚ್ಚಿನವರು ಎಲ್ಲವೂ ಎಣಿಸಿದಂತೆಯೇ ನಡೆಯಿತೆನ್ನುವರು.

ಗುರುವಧೆಯ ಪಾತಕದಿಂದಲೂ ಅವನು ಬಹುಮಟ್ಟಿಗೆ ದೂರ. ರಂಗೂನು ವಶವಾದ ಕೆಲದಿನಗಳಲ್ಲಿಯೇ ಅವನ ಮೇಲಧಿಕಾರಿ ಆಲಿವರ್ ಲೀಸನು ಅವನನ್ನು 14ನೆಯ ಸೈನ್ಯದಿಂದ ತೆಗೆದುಹಾಕಲು ಯತ್ನಿಸಿದನು. ಆ ಯತ್ನವು ತಿರುಗಿಬಿದ್ದು ಲೀಸನೇ ಕೆಲಸ ಕಳೆದುಕೊಂಡನು, ಅವನ ಸ್ಥಾನಕ್ಕೆ ಸ್ಲಿಮ್ಮನೇ ಬಂದನು. ಬೇರೆಯವನಾಗಿದ್ದರೆ ಒಂದು ಅಧ್ಯಾಯವನ್ನೇ ಇದಕ್ಕೆ ಮೀಸಲಿಡುತ್ತಿದ್ದನು. ಸ್ಲಿಮ್ಮನು ಅದನ್ನು ಎತ್ತಿ ಆಡುವುದಿಲ್ಲ. ಆದರೆ ಆರ್ಡ್ ವಿಂಗೇಟನ ವಿಚಾರದಲ್ಲಿ ಇಷ್ಟು ಸಮಭಾವ ಉಳಿದಿಲ್ಲ. ಶತ್ರುವಿನ ಬೆನ್ನಹಿಂದೆ ಕಾದುವ ವಿಶೇಷ ಪಡೆಗಳನ್ನು ಕಟ್ಟಿದ ವಿಂಗೇಟನು 1944ರ ಮಾರ್ಚಿನಲ್ಲಿ ವಿಮಾನಾಪಘಾತದಿಂದ ಸತ್ತನು. ಆತನು ಸತ್ತ ಕಾಲದಲ್ಲಿ ಸ್ಲಿಮ್ಮನು ಆಡಿದ ಮೆಚ್ಚುಗೆಗೂ, 12 ವರ್ಷಗಳ ಮೇಲೆ ಗ್ರಂಥದಲ್ಲಿ ಬರೆದ ತೀರ್ಮಾನಕ್ಕೂ ಅಂತರವುಂಟು. ಅಂಥ ಪಡೆಗಳು ಒಳ್ಳೆಯ ಸೈನಿಕರನ್ನೆಲ್ಲ ಹೀರಿಕೊಂಡು ಉಳಿದ ಸೈನ್ಯವನ್ನು ಸಪ್ಪೆಮಾಡುವುವೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಉತ್ತರ ಹೇಳಲು ವಿಂಗೇಟನು ಮಾತ್ರ ಇರಲಿಲ್ಲ.

ಗ್ರಂಥದ ದೊಡ್ಡ ಕೊರತೆ ಬೇರೊಂದು ಕಡೆ ಇದೆ. ಅದು ಶತ್ರುವಿನ ಚಿತ್ರಣ. ಜಪಾನೀ ಸೈನಿಕನ ಧೈರ್ಯವನ್ನು ಸ್ಲಿಮ್ಮನು ಅಲ್ಲಗಳೆಯುವುದಿಲ್ಲ; ಸಾಯುವವರೆಗೂ ಕಾದುವವನು ಅವನೊಬ್ಬನೇ ಎಂದು ಒಪ್ಪುವನು. ಆದರೆ ಆ ಧೈರ್ಯಕ್ಕೆ ಅವನು ಹುಡುಕುವ ಉಪಮಾನಗಳು ಇರುವೆ ಮತ್ತು ಕೀಟ. ಉಪಮಾನದ ಆಯ್ಕೆಯಲ್ಲಿ ಕವಿಯ ಮನಸ್ಸು ಬಯಲಾಗುವುದೆಂದು ಆಲಂಕಾರಿಕರು ಬಲ್ಲರು. ಇರುವೆಗೆ ಹೋಲಿಸಲ್ಪಟ್ಟವನಿಗೆ ತಾಯಿಯಿಲ್ಲ, ಊರಿಲ್ಲ, ಅಂಜಿಕೆಯಿಲ್ಲ. ಅವನ ಸಾವಿಗೆ ಕರುಣೆಯ ಸಾಲವಿಲ್ಲ. 1945ರ ಸೆಪ್ಟೆಂಬರ್ 12ರಂದು ಸಿಂಗಪುರದಲ್ಲಿ ಜಪಾನೀ ಸೇನಾಪತಿಗಳು ಶರಣಾಗತಿಪತ್ರಕ್ಕೆ ಸಹಿ ಹಾಕುವಾಗ, ಹಿಂದೆ ತುರ್ಕರು, ಜರ್ಮನರು, ಇಟಲಿಯವರು ಶರಣಾದಾಗ ಹುಟ್ಟಿದ್ದ ಸಹಾನುಭೂತಿ ತನ್ನಲ್ಲಿ ಹುಟ್ಟಲಿಲ್ಲವೆಂದು ಅವನು ಬರೆದಿರುವನು. ಕಾರಣವನ್ನೂ ಕೊಟ್ಟಿರುವನು: ಅವರು ಸೆರೆಯಾಳುಗಳನ್ನು ನಡೆಸಿಕೊಂಡ ರೀತಿ ಅವನಿಗೆ ತಿಳಿದಿತ್ತು. ಆ ಕ್ರೌರ್ಯವು ನಿಜ. ಸಯಾಮ್ ಮತ್ತು ಬರ್ಮಾ ನಡುವಣ ರೈಲುದಾರಿಯ ಗೋರಿಗಳು ಅದಕ್ಕೆ ಸಾಕ್ಷಿ. ತನ್ನ ಕಾಠಿನ್ಯವನ್ನು ಬಚ್ಚಿಡದೆ ಹೇಳಿದ ಪ್ರಾಮಾಣಿಕತೆಯನ್ನೂ ಮೆಚ್ಚಬೇಕು. ಆದರೂ ಕಾಠಿನ್ಯವು ಅಪರಾಧಿಗಳಿಗೆ ಮಾತ್ರ ಸೀಮಿತವಾಗಿ ಉಳಿಯಲಿಲ್ಲ.

ಇದಕ್ಕೆ ನಿದರ್ಶನ ಕೊಹಿಮಾಕ್ಕೆ ಬಂದ 31ನೆಯ ಡಿವಿಜನ್ನಿನ ನಾಯಕ ಸಾತೊ. ಕೊಹಿಮಾವನ್ನು ಬಿಟ್ಟು ಅದರಾಚೆಯ ದಿಮಾಪುರದ ಉಗ್ರಾಣಗಳ ಮೇಲೆ ಬೀಳಲಿಲ್ಲವೆಂದು ಸ್ಲಿಮ್ಮನು ಅವನನ್ನು ಮಂದಬುದ್ಧಿಯೆಂದು ಹಾಸ್ಯ ಮಾಡುವನು; ಇಷ್ಟು ಉಪಕಾರಿಯಾದ ಶತ್ರುವಿನ ಬಿಡಾರಕ್ಕೆ ಬಾಂಬು ಹಾಕಬೇಡಿರೆಂದು ವಿಮಾನದಳದವರಿಗೆ ಹೇಳಿದೆನೆಂದು ನಗಿಸುವನು. ದಿಮಾಪುರಕ್ಕೆ ಹೋಗುವ ವಿಚಾರವನ್ನು ಸಾತೊನ ಮೇಲಧಿಕಾರಿ ಮುತಗುಚಿ ಎತ್ತಿದಾಗ, ಅವನ ಮೇಲಿನ ಕವಾಬೆಯೇ ಬೇಡವೆಂದನೆಂಬುದು ಈಗ ಎಲ್ಲರಿಗೂ ತಿಳಿದ ವಿಷಯ. ಇದಕ್ಕಿಂತ ಮುಖ್ಯವಾದುದು ಮುಂದಿನ ಸಂಗತಿ. ಹೇಳಿದ್ದ ಅಕ್ಕಿಯೂ ಮದ್ದುಗುಂಡೂ ಬಾರದೆ ತನ್ನ ಜನರು ಹಸಿವಿನಿಂದ ಸಾಯುತ್ತಿರಲು, ಸಾತೊನು ಅಪ್ಪಣೆಯನ್ನು ಮೀರಿ ಅವರನ್ನು ಹಿಂದಕ್ಕೆ ಕರೆದುಕೊಂಡು ಹೋದನು. ಅದರಿಂದ ಅಧಿಕಾರವನ್ನೂ ಕಳೆದುಕೊಂಡನು. ಹಸಿದ ಸೈನ್ಯವನ್ನು ಉಳಿಸಲು ಹಿಮ್ಮೆಟ್ಟುವುದರ ಬೆಲೆಯನ್ನು 1942ರ ಸ್ಲಿಮ್ಮನಿಗಿಂತ ಚೆನ್ನಾಗಿ ಬಲ್ಲವರು ಯಾರು? ಗ್ರಂಥದ ಮೊದಲ ಭಾಗವನ್ನು ಬರೆದ ಕೈಯೇ ಆ ಮನುಷ್ಯನಿಗೆ ಒಂದು ನ್ಯಾಯವಾದ ಪುಟವನ್ನು ಬರೆಯಬಹುದಾಗಿತ್ತು. ಅಲ್ಲಿ ನಗೆ ಬಂದಿದೆ, ಪುಟ ಬಂದಿಲ್ಲ.

ಕನ್ನಡ ಕಾವ್ಯವನ್ನು ಬಲ್ಲವರಿಗೆ ಈ ಕೊರತೆ ಇನ್ನೂ ಎದ್ದುಕಾಣುವುದು. ಪಂಪನು ಕವಿಯೂ ಕಲಿಯೂ ಆಗಿದ್ದವನು. ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು ಹೊಗಳುವುದಕ್ಕೆಂದೇ ಕಾವ್ಯ ಬರೆದನು. ಆದರೂ ಶತ್ರುಪಕ್ಷದ ಕರ್ಣನ ಸತ್ಯಕ್ಕೆ ಅವನಲ್ಲಿ ಸಂದ ಗೌರವ ಸಾಮಾನ್ಯವಾದುದಲ್ಲ. ರನ್ನನು ಭೀಮನ ಸಾಹಸವನ್ನು ಹಾಡಹೊರಟು, ಬಂಧುಗಳ ಹೆಣಗಳ ನಡುವೆ ಒಬ್ಬಂಟಿಯಾಗಿ ನಡೆಯುವ ದುರ್ಯೋಧನನಿಗೆ ವಾಚಕರ ಕಣ್ಣೀರನ್ನು ಗಳಿಸಿಕೊಟ್ಟನು. ಸೋತವನ ಘನತೆ ಇಳಿದರೆ ಗೆದ್ದವನ ಗೆಲುವೂ ಅಗ್ಗವಾಗುವುದೆಂಬ ಔಚಿತ್ಯಜ್ಞಾನ ಅವರಿಗಿತ್ತು. ಸೇನಾನಿಯ ಗದ್ಯವನ್ನು ಮಹಾಕವಿಗಳ ಅಳತೆಗೋಲಿನಿಂದ ಅಳೆಯುವುದು ಅತಿಯಾಯಿತೆಂದು ಕೆಲವರು ಹೇಳಬಹುದು. ಆದರೆ ತನ್ನ ಸೋಲನ್ನು ಇಷ್ಟು ಉದಾತ್ತವಾಗಿ ಬರೆದವನನ್ನು ಆ ಗೋಲಿನಿಂದ ಅಳೆಯುವುದು ಅವನಿಗೆ ಮಾಡುವ ಮರ್ಯಾದೆಯೇ.

ಇದೇ ಕೊರತೆಯ ಮತ್ತೊಂದು ರೂಪ ಆಜಾದ್ ಹಿಂದ್ ಫೌಜಿನ ವಿಚಾರ. ಇಂಫಾಲದ ಸುತ್ತ ಭಾರತೀಯರೇ ಭಾರತೀಯರಿಗೆ ಎದುರಾಗಿ ನಿಂತರು. ಗ್ರಂಥದಲ್ಲಿ ಅವರಿಗೆ ದೊರೆತುದು ತಾತ್ಸಾರದ ಕೆಲವು ವಾಕ್ಯಗಳು. ಶರಣಾಗಲು ಬಂದವರನ್ನು ನಮ್ಮ ಸಿಪಾಯಿಗಳು ಬಿಡಲೊಲ್ಲದೆ, ದಯೆ ತೋರಬೇಕೆಂದು ಅಪ್ಪಣೆ ಮಾಡಬೇಕಾಯಿತೆಂದು ಅವನು ಹೇಳುವನು. ಈ ಒಂದು ವಾಕ್ಯದಲ್ಲಿ ಒಂದು ಕುರುಕ್ಷೇತ್ರವೇ ಅಡಗಿದೆ. ಅವನು ಅದನ್ನು ತೆರೆದು ನೋಡುವುದಿಲ್ಲ. ಯುದ್ಧ ಮುಗಿದ ಕೆಲವೇ ತಿಂಗಳಲ್ಲಿ ಕೆಂಪುಕೋಟೆಯ ವಿಚಾರಣೆಗಳು ಇಡೀ ದೇಶವನ್ನು ಕಲಕಿದುದನ್ನು ನೆನೆದರೆ ಈ ಮೌನವು ಇನ್ನೂ ದೊಡ್ಡದಾಗಿ ಕೇಳುವುದು. ಸ್ವಾತಂತ್ರ್ಯ ಬಂದ ಒಂಬತ್ತು ವರ್ಷಗಳ ಮೇಲೆ ಪ್ರಕಟವಾದ ಗ್ರಂಥಕ್ಕೆ ಆ ದೂರದೃಷ್ಟಿಯ ಅವಕಾಶವಿತ್ತು. ಭಾರತೀಯ ಅಧಿಕಾರಿವರ್ಗದ ಉದಯದ ಮೇಲೂ ಅವನ ದೃಷ್ಟಿ ಹೆಚ್ಚಾಗಿ ನಿಲ್ಲುವುದಿಲ್ಲ. ಕೊಡಗಿನ ತಿಮ್ಮಯ್ಯನವರು, ಥೋರಾತರು, ಸೇನರು ಎಂಬ ಮೂವರು ಭಾರತೀಯ ಪಟಾಲಂ ನಾಯಕರು 1945ರ ಜನವರಿಯಲ್ಲಿ ಅರಾಕಾನಿನ ಕಂಗಾ ಕದನದಲ್ಲಿ ಒಂದೇ ಬ್ರಿಗೇಡಿನಲ್ಲಿ ಕಾದಿ ಹೆಸರು ಪಡೆದರು. ಆ ವೇಳೆಗೆ ಆ ರಣರಂಗವು ಸ್ಲಿಮ್ಮನ ಕೈಯಿಂದ ಹೊರಗಾಗಿದ್ದುದರಿಂದ ಅದರ ವಿಸ್ತಾರವಾದ ವರ್ಣನೆಯನ್ನು ಈ ಗ್ರಂಥದಲ್ಲಿ ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ತಾನು ಕಟ್ಟಿದ ಸೈನ್ಯವೇ ನಾಳೆ ಬೇರೊಂದು ದೇಶದ ಸೈನ್ಯವಾಗಲಿದೆಯೆಂಬ ಅರಿವಿನ ನೆರಳಾದರೂ ಪುಟಗಳ ಮೇಲೆ ಬೀಳಬಹುದಾಗಿತ್ತು.

ಸ್ಲಿಮ್ಮನ ಮುಂದಿನ ಜೀವನವು ಪದವಿಗಳ ಜೀವನ: 1948ರಿಂದ 1952ರವರೆಗೆ ಬ್ರಿಟಿಷ್ ಸೈನ್ಯದ ಮುಖ್ಯಸ್ಥ, ಭಾರತೀಯ ಸೈನ್ಯದಿಂದ ಬಂದವರಲ್ಲಿ ಆ ಸ್ಥಾನಕ್ಕೇರಿದ ಮೊದಲಿಗ, 1953ರಿಂದ 1960ರವರೆಗೆ ಆಸ್ಟ್ರೇಲಿಯದ ಗವರ್ನರ್ ಜನರಲ್, 1970ರಲ್ಲಿ ಮರಣ. ಗುಮಾಸ್ತೆಯ ಮೇಜಿನಿಂದ ಫೀಲ್ಡ್ ಮಾರ್ಷಲನ ದಂಡದವರೆಗಿನ ಈ ಏರಿಕೆಯನ್ನು ಅವನು ಎಲ್ಲಿಯೂ ಕೊಂಡಾಡಿಕೊಂಡಿಲ್ಲ.

ಆನಂದವರ್ಧನನು ಮಹಾಭಾರತದ ಅಂಗಿರಸವು ವೀರವಲ್ಲ, ಶಾಂತವೆಂದು ನಿರ್ಣಯಿಸಿದನು. ಗೆದ್ದವರೂ ಕೊನೆಗೆ ಬರಿಗೈಯಲ್ಲಿ ನಿಲ್ಲುವ ಕಥೆಗೆ ಬೇರೆ ರಸ ಸಲ್ಲದು. ಸ್ಲಿಮ್ಮನ ಗ್ರಂಥವು ಆ ಎತ್ತರವನ್ನು ಮುಟ್ಟುವುದಿಲ್ಲ. ಮುಟ್ಟುವ ಹಂಬಲವೂ ಅದಕ್ಕಿಲ್ಲ. ಆದರೆ ವೀರವು ಗರ್ವವಿಲ್ಲದೆ ನಿಲ್ಲಬಲ್ಲದೆಂದು ಅದು ತೋರಿಸಿಕೊಟ್ಟಿದೆ. ಸೋಲನ್ನು ಒಪ್ಪಿ, ಕಾರಣ ಹುಡುಕಿ, ಗುಳಿಗೆಯಿಂದಲೂ ಗೋಣಿಯಿಂದಲೂ ಅರ್ಧ ಪಡಿಯ ಅನ್ನದಿಂದಲೂ ಗೆಲುವನ್ನು ಕಟ್ಟಿದ ಕಥೆಯು ಸಂಸಾರಸ್ಥರಿಗೂ, ಶಾಲೆ ನಡೆಸುವವರಿಗೂ, ಸಂಸ್ಥೆ ನಡೆಸುವವರಿಗೂ ಪಾಠವಾಗಬಲ್ಲದು. ಎಳೆಯರ ಕೈಯಲ್ಲಿ ನಿಸ್ಸಂಕೋಚವಾಗಿ ಇಡಬಹುದಾದ ಯುದ್ಧಗ್ರಂಥವಿದು; ಇಡುವಾಗ ಒಂದು ಮಾತನ್ನು ಮಾತ್ರ ಸೇರಿಸಿ ಹೇಳಬೇಕು. ಕೃಷ್ಣನು ಅರ್ಜುನನಿಗೆ ಮಾತಿನಿಂದಾಗುವ ಎರಡು ವಧೆಗಳನ್ನು ಹೇಳಿದನು. ಆತ್ಮಸ್ತುತಿಯ ವಧೆಯಿಂದ ಈ ಸೇನಾನಿಯು ಪೂರ್ತಿಯಾಗಿಯೂ ಪರನಿಂದೆಯ ವಧೆಯಿಂದ ಬಹುಮಟ್ಟಿಗೂ ಪಾರಾಗಿರುವನು. ಮೂರನೆಯದೊಂದುಂಟು: ಆಯುಧ ಕೆಳಗಿಟ್ಟ ಶತ್ರುವಿನ ಮನುಷ್ಯತ್ವವನ್ನು ಉಪಮಾನದಿಂದ ಕಸಿದುಕೊಳ್ಳುವುದು. ಯುದ್ಧ ಮುಗಿದು ಹತ್ತು ವರ್ಷಗಳಾದ ಮೇಲೂ ಅದರಿಂದ ಅವನ ಲೇಖನಿಗೆ ಬಿಡುಗಡೆ ದೊರೆಯಲಿಲ್ಲ.